ವ್ಯಾಪಾರದ ಗಣಕಯಂತ್ರಕ್ಕೆ ಗಡಿನಾಡ ಕನ್ನಡ ಏಕೆ ಕಾಣಿಸುವುದಿಲ್ಲ?



ಜೂನ್ ತಿಂಗಳ ಮೊದಲ ವಾರವೆಂದರೆ ಶಾಲೆಯಲ್ಲಿ ನಮಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಪ್ರವೇಶೋತ್ಸವದ ತೋರಣ ಬಾಡುವ ಮೊದಲೇ ಪುಸ್ತಕ ಹಂಚಿಕೆ, ಹಾಜರಿ ಪಟ್ಟಿ, ಮಧ್ಯಾಹ್ನದ ಊಟದ ಲೆಕ್ಕ ಎಲ್ಲವೂ ಒಟ್ಟಿಗೆ ಬಂದು ಕೂರುತ್ತವೆ. ಅಂಥ ಒಂದು ದಿನ ಆರನೇ ತರಗತಿಯ ಹುಡುಗನೊಬ್ಬನ ಅಜ್ಜಿ ಬಂದು, ಕೊಡೆ ಮಡಚಿ ಜಗಲಿಯ ಮೂಲೆಗೆ ಒರಗಿಸಿ, ಸೆರಗಿನಲ್ಲಿ ಸುತ್ತಿಟ್ಟಿದ್ದ ಮೊಬೈಲನ್ನು ಹೊರತೆಗೆದರು.

"ಮಾಷ್ಟ್ರೇ, ಇದರಲ್ಲಿ ಎಂತ ಬರೆದಿದೆ ಒಮ್ಮೆ ನೋಡಿ. ಪುಳ್ಳಿ ಇಂಗ್ಲಿಷ್ ಓದ್ತಾನೆ, ಅರ್ಥ ಕೇಳಿದ್ರೆ ಗೊತ್ತಿಲ್ಲ ಹೇಳ್ತಾನೆ."

ನೋಡಿದೆವು. ಫೆಬ್ರವರಿಯಿಂದ ಆಚೆಗೆ ಅವರ ಬ್ಯಾಂಕಿನಿಂದ ನಾಲ್ಕು ಸಂದೇಶಗಳು ಬಂದಿದ್ದವು. ಎರಡು ಇಂಗ್ಲಿಷಿನಲ್ಲಿ, ಎರಡು ಮಲಯಾಳದಲ್ಲಿ. ನಾಲ್ಕರ ಸಾರವೂ ಒಂದೇ: ಕೆವೈಸಿ ದಾಖಲೆಗಳನ್ನು ಹೊಸದಾಗಿ ಕೊಡದಿದ್ದರೆ ಖಾತೆಯಿಂದ ಹಣ ತೆಗೆಯಲಾಗದು. ಮೇ ತಿಂಗಳ ಕೊನೆಗೆ ಹಾಗೆಯೇ ಆಗಿಬಿಟ್ಟಿತ್ತು. ಅಡಿಕೆ ಮಾರಿದ ಹಣವೆಲ್ಲ ಆ ಖಾತೆಯಲ್ಲಿ. ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡಬೇಕು, ಮೈಲುತುತ್ತು ಮತ್ತು ಸುಣ್ಣ ತರಬೇಕು, ಮರ ಹತ್ತುವವರಿಗೆ ಕೂಲಿ ಕೊಡಬೇಕು. ಮೊದಲ ಮದ್ದು ತಪ್ಪಿದರೆ ಕೊಳೆರೋಗ ಎಂಬುದನ್ನು ಅಡಿಕೆ ಬೆಳೆಯುವ ಊರಿನವರಿಗೆ ನಾವು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಅಜ್ಜಿ ಅನಕ್ಷರಸ್ಥೆಯಲ್ಲ. ನಮ್ಮದೇ ಶಾಲೆಯಲ್ಲಿ ಐದನೇ ತರಗತಿಯವರೆಗೆ ಕಲಿತವರು. ದಿನಾ ಕನ್ನಡ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುತ್ತಾರೆ, ಪಾಸು ಪುಸ್ತಕದ ಅಂಕೆಗಳನ್ನು ಬೆರಳಲ್ಲಿ ಕೂಡಿಸಿ ತಾಳೆ ನೋಡುತ್ತಾರೆ. ಮನೆಯಲ್ಲಿ ಅಕ್ಷರಸ್ಥೆಯಾದ ಒಬ್ಬ ಹೆಂಗಸನ್ನು ಒಂದು ಮೊಬೈಲ್ ಸಂದೇಶ ಅನಕ್ಷರಸ್ಥೆಯನ್ನಾಗಿ ಮಾಡಿತು. ಇದು ಹೇಗೆ ಆಯಿತು, ಯಾರು ಮಾಡಿದರು ಎಂದು ನಾವು ಆ ದಿನದಿಂದ ಯೋಚಿಸುತ್ತಿದ್ದೇವೆ. ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮರುದಿನ ಅಜ್ಜಿಯ ಜೊತೆಗೆ ಬ್ಯಾಂಕಿಗೆ ಹೋದೆವು. ಶಾಖೆಯ ಮ್ಯಾನೇಜರರು ತೆಂಕಣ ಕೇರಳದ ತರುಣ. ಒಳ್ಳೆಯವರು. ಅಜ್ಜಿಗೆ ಕುರ್ಚಿ ಕೊಟ್ಟು, ದಾಖಲೆಗಳನ್ನು ತಾವೇ ಪ್ರತಿ ಮಾಡಿಸಿಕೊಂಡರು. ಮುಂದಿನ ಸಂದೇಶಗಳಾದರೂ ಕನ್ನಡದಲ್ಲಿ ಬರುವಂತೆ ಮಾಡಬಹುದೇ ಎಂದು ಕೇಳಿದೆವು. ಅವರು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, "ಸಿಸ್ಟಮಿನಲ್ಲಿ ಇಲ್ಲ ಮಾಷೇ" ಎಂದು ತೋರಿಸಿದರು. ಭಾಷೆಯ ಜಾಗದಲ್ಲಿ ಮೂರು ಹೆಸರುಗಳಿದ್ದವು: ಇಂಗ್ಲಿಷ್, ಹಿಂದಿ, ಮಲಯಾಳ. ನಾಲ್ಕನೆಯದಿಲ್ಲ. ತಮಾಷೆಯೆಂದರೆ, ಅದೇ ಬ್ಯಾಂಕಿನ ಮಂಗಳೂರಿನ ಶಾಖೆಯಲ್ಲಿ ಖಾತೆಯಿರುವ ನಮ್ಮ ಬಂಧುವೊಬ್ಬರಿಗೆ ಸಂದೇಶಗಳು ಚಂದದ ಕನ್ನಡದಲ್ಲಿಯೇ ಬರುತ್ತವೆ. ಅಂದರೆ ಆ ಬ್ಯಾಂಕಿನ ಗಣಕಯಂತ್ರಕ್ಕೆ ಕನ್ನಡ ಬರುತ್ತದೆ. ತಲಪಾಡಿಯಿಂದ ಈಚೆಗೆ ಮಾತ್ರ ಅದು ಕನ್ನಡ ಮಾತನಾಡುವುದಿಲ್ಲ!

ಇದನ್ನು ತಾಂತ್ರಿಕ ಕೊರತೆ ಎಂದು ಹೇಳುವವರು ಇದ್ದಾರೆ. ಒಂದು ಕಾಲಕ್ಕೆ ಆ ಮಾತಿನಲ್ಲಿ ಹುರುಳಿತ್ತು. ಗಣಕಯಂತ್ರ ಊರಿಗೆ ಬಂದ ಹೊಸದರಲ್ಲಿ ಕನ್ನಡ ಬರೆಯುವುದೆಂದರೆ ಫಾಂಟ್‌ಗಳ ಕಣ್ಕಟ್ಟು. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಹೊರಗೆ ಕನ್ನಡದ ಚಿತ್ರ. ನಮ್ಮ ಗಣಕಯಂತ್ರದಲ್ಲಿ ಬರೆದದ್ದು ಪಕ್ಕದ ಶಾಲೆಯ ಗಣಕಯಂತ್ರದಲ್ಲಿ ತೆರೆದರೆ ಚಿತ್ರವಿಚಿತ್ರ ಗೀಟುಗಳು. 1998ರಲ್ಲಿ ಬಂದ ಬರಹ, ಆಮೇಲೆ ಬಂದ ನುಡಿ ತಂತ್ರಾಂಶಗಳಿಂದ ಪ್ರಶ್ನೆಪತ್ರಿಕೆ, ಆಮಂತ್ರಣ ಪತ್ರಿಕೆಗಳಿಗೆ ಮಹದುಪಕಾರವಾಯಿತು. ಅವುಗಳ ಋಣವನ್ನು ನಾವು ಮರೆಯುವಂತಿಲ್ಲ. ಆದರೆ ವ್ಯಾಪಾರಕ್ಕೆ ಬರೀ ಅಚ್ಚು ಹಾಕುವುದು ಸಾಲದು. ಗಿರಾಕಿಯ ಹೆಸರನ್ನು ಹುಡುಕಬೇಕು, ಅಕಾರಾದಿಯಾಗಿ ಜೋಡಿಸಬೇಕು, ಒಂದು ಶಾಖೆಯಿಂದ ಇನ್ನೊಂದಕ್ಕೆ ಕಳುಹಿಸಬೇಕು. ಚಿತ್ರವಾಗಿದ್ದ ಕನ್ನಡದಿಂದ ಅದು ಆಗದು.

ಆ ತೊಡಕು ಬಿಡಿಸಿದ್ದು ಯೂನಿಕೋಡ್. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ತುಂಗಾ ಎಂಬ ಕನ್ನಡ ಫಾಂಟ್ ಬಂತು. ಬೆಂಗಳೂರಿನ ಟ್ಯಾಲಿ ಕಂಪೆನಿ 2006ರಲ್ಲಿ ಹೊರತಂದ ತನ್ನ 9ನೇ ಆವೃತ್ತಿಯಲ್ಲಿ ಭಾರತೀಯ ಭಾಷೆಗಳಲ್ಲಿ ಲೆಕ್ಕ ಇಡುವ ವ್ಯವಸ್ಥೆ ಮಾಡಿತು. ಒಂದು ಭಾಷೆಯಲ್ಲಿ ಬರೆದ ಲೆಕ್ಕವನ್ನು ಇನ್ನೊಂದು ಭಾಷೆಯಲ್ಲಿ ನೋಡಬಹುದಾಗಿತ್ತು. ಅಂದರೆ ಕನ್ನಡದಲ್ಲಿ ವ್ಯಾಪಾರದ ಲೆಕ್ಕ ಇಡಲು ಗಣಕಯಂತ್ರಕ್ಕೆ ಬರುವುದಿಲ್ಲ ಎಂಬ ಮಾತು ಸುಳ್ಳಾಗಿ ಎಷ್ಟೋ ವರ್ಷಗಳಾದವು. ಈಗಂತೂ ಯಂತ್ರವೇ ಕನ್ನಡ ಓದುತ್ತದೆ, ಕನ್ನಡ ಕೇಳಿಸಿಕೊಳ್ಳುತ್ತದೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಭಾಷಿಣಿ ಇರುವುದೇ ಈ ಕೆಲಸಕ್ಕೆ.

ಹಾಗಾದರೆ ಕನ್ನಡ ತಪ್ಪಿಹೋದದ್ದು ಎಲ್ಲಿ? ತಂತ್ರಜ್ಞಾನದಲ್ಲಿ ಅಲ್ಲ, ಅದರ ಆಡಳಿತದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಕಾಲದ ವ್ಯವಸ್ಥೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೆ ಬ್ಯಾಂಕಿನ ಏಜಂಟರು ಹೋಗುತ್ತಿದ್ದರು. ಈಗಿನವರು ಮಾಹಿತಿ ನಿರ್ವಹಣೆ ಎಂದು ದೊಡ್ಡ ಹೆಸರಿಟ್ಟು ಕರೆಯುವುದನ್ನು ಆಗ ಒಬ್ಬ ಮನುಷ್ಯ, ಒಂದು ಚೀಲ, ಒಂದು ಕಾರ್ಡು ಸೇರಿ ಮಾಡುತ್ತಿದ್ದವು. ಆ ಮನುಷ್ಯನಿಗೆ ಯಾವ ಮನೆಯಲ್ಲಿ ತುಳು, ಯಾವ ಮನೆಯಲ್ಲಿ ಬ್ಯಾರಿ, ಯಾವ ಮನೆಯಲ್ಲಿ ಕೊಂಕಣಿ, ಯಾವ ಮನೆಯಲ್ಲಿ ಕನ್ನಡ ಎಂಬುದು ಬಾಯಿಪಾಠ. ಭಾಷೆಯ ಲೆಕ್ಕ ಗಿರಾಕಿಯ ಹೆಸರಿನ ಪಕ್ಕದಲ್ಲಿತ್ತು, ಏಜಂಟರ ತಲೆಯೊಳಗೆ. ನಮ್ಮೂರಿನ ಜೀನಸಿನ ಅಂಗಡಿಗಳ ಕಿರ್ದಿ ಪುಸ್ತಕಗಳೂ ಹಾಗೆಯೇ. ಹಿರಿಯ ವ್ಯಾಪಾರಿಯೊಬ್ಬರು ತಮ್ಮ ತಂದೆಯ ಕಾಲದ ಕಿರ್ದಿಯನ್ನು ನಮಗೆ ತೋರಿಸಿದ್ದಾರೆ. ಪುಟವಿಡೀ ಕನ್ನಡ ಅಂಕೆಗಳು, ಕೆಂಪು ಶಾಯಿಯ ಗೆರೆ, ಜಮಾ ಒಂದು ಬದಿ, ಖರ್ಚು ಇನ್ನೊಂದು ಬದಿ. ಅದೇ ಅಂಗಡಿಯಲ್ಲಿ ಇಂದು ಮೊಮ್ಮಗ ಕುಳಿತಿದ್ದಾನೆ. ನಮ್ಮದೇ ಶಾಲೆಯ ಹಳೆ ವಿದ್ಯಾರ್ಥಿ. ಬಿಲ್ಲು ಪೂರಾ ಇಂಗ್ಲಿಷಿನಲ್ಲಿ.

ಆಮೇಲೆ ಬ್ಯಾಂಕುಗಳಲ್ಲಿ ಕೋರ್ ಬ್ಯಾಂಕಿಂಗ್ ಬಂತು. ಮೊದಲು ಪ್ರತಿ ಶಾಖೆಯ ಲೆಡ್ಜರು ಆ ಶಾಖೆಯಲ್ಲಿಯೇ ಇತ್ತು. ಈಗ ಎಲ್ಲ ಶಾಖೆಗಳ ಖಾತೆಗಳೂ ದೂರದ ಒಂದು ಕೇಂದ್ರದಲ್ಲಿ. ಇದರಿಂದ ಆದ ಅನುಕೂಲ ಸಣ್ಣದೇನಲ್ಲ. ಕುಂಬಳೆಯ ಖಾತೆಯ ಹಣವನ್ನು ಮುಂಬಯಿಯಲ್ಲಿ ತೆಗೆಯಬಹುದು. ಆದರೆ ಇದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಮೊದಲು ಶಾಖೆಯ ಮ್ಯಾನೇಜರರು ಮನಸ್ಸು ಮಾಡಿದರೆ ಚಲನ್ನಿನ ಮೇಲೆ ಕನ್ನಡ ಅಚ್ಚು ಹಾಕಿಸಬಹುದಿತ್ತು, ಕನ್ನಡ ಬಲ್ಲ ಗುಮಾಸ್ತರನ್ನು ಮುಂದಿನ ಕೌಂಟರಿನಲ್ಲಿ ಕೂರಿಸಬಹುದಿತ್ತು. ಈಗ ಪರದೆಯ ಮೇಲೆ ಯಾವ ಭಾಷೆ ಇರಬೇಕು ಎಂಬುದನ್ನು ಪ್ರಧಾನ ಕಚೇರಿಯ ಯಾರೋ ಒಬ್ಬರು ಒಂದು ಪಟ್ಟಿಯಲ್ಲಿ ತುಂಬಿಸುತ್ತಾರೆ. ಆ ಪಟ್ಟಿಯಲ್ಲಿ ಕೇರಳ ಎಂದರೆ ಮಲಯಾಳ. ಪಟ್ಟಿ ಮಾಡಿದವರಿಗೆ ಮಂಜೇಶ್ವರ ಗೊತ್ತಿಲ್ಲ, ಗೊತ್ತಿರಬೇಕೆಂದೂ ಇಲ್ಲ. ನಮ್ಮ ಒಳ್ಳೆಯ ಮ್ಯಾನೇಜರರಿಗೆ ಎಲ್ಲವೂ ಗೊತ್ತು, ಆದರೆ ಅವರ ಕೈಯಲ್ಲಿ ಏನೂ ಇಲ್ಲ.

2019 ಮತ್ತು 2020ರ ಬ್ಯಾಂಕ್ ವಿಲೀನಗಳನ್ನೂ ಇಲ್ಲಿಯೇ ಸೇರಿಸಿಕೊಳ್ಳಿ. ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಮೂರೂ ನಮ್ಮ ಕರಾವಳಿಯಲ್ಲಿ ಹುಟ್ಟಿದವುಗಳು. ವಿಲೀನ ಸರಿಯೋ ತಪ್ಪೋ, ಅದು ಅರ್ಥಶಾಸ್ತ್ರ ಬಲ್ಲವರ ಚರ್ಚೆ. ಪಟ್ಟಿ ಮಾಡುವ ಮೇಜು ಗಡಿನಾಡಿನಿಂದ ಇನ್ನಷ್ಟು ದೂರ ಹೋಯಿತು ಎಂಬುದಷ್ಟೇ ನಮ್ಮ ಮಾತು.

ರಾಜ್ಯಕ್ಕೊಂದು ಸಂಖ್ಯೆ ಕೊಟ್ಟು ವಿಂಗಡಿಸುವುದು ಗಣಕಯಂತ್ರಕ್ಕೆ ಸುಲಭ. ಜಿಎಸ್‌ಟಿ ನೋಂದಣಿ ಸಂಖ್ಯೆಯ ಮೊದಲ ಎರಡು ಅಂಕೆಗಳನ್ನು ಗಮನಿಸಿ. 32 ಎಂದಿದ್ದರೆ ಕೇರಳ, 29 ಎಂದಿದ್ದರೆ ಕರ್ನಾಟಕ, 27 ಮಹಾರಾಷ್ಟ್ರ, 33 ತಮಿಳುನಾಡು, 37 ಆಂಧ್ರ. ತೆರಿಗೆಗೆ ಅದು ಬೇಕು. ಯಾವ ರಾಜ್ಯಕ್ಕೆ ಎಷ್ಟು ಪಾಲು ಎಂದು ಹಂಚಬೇಕಲ್ಲ. ಆದರೆ ತೆರಿಗೆಗೆಂದು ಮಾಡಿದ ವಿಂಗಡಣೆಯನ್ನೇ ತಂದು ಮನುಷ್ಯರ ಮಾತಿಗೂ ಅಂಟಿಸಿದರೆ ಎಡವಟ್ಟಾಗುತ್ತದೆ. ಬದಿಯಡ್ಕದ ಅಡಿಕೆ ಮಂಗಳೂರಿಗೆ ಹೋಗುವಾಗ 32ರಿಂದ 29ಕ್ಕೆ ಹೋಗುತ್ತದೆ. ಬೆಳೆದವನ ಮಾತು ಎಲ್ಲಿಗೂ ಹೋಗುವುದಿಲ್ಲ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ಹೊಗಳುತ್ತೇವೆ. ಏಳು ಭಾಷೆಗಳ ನೆಲಕ್ಕೆ ಒಂದೇ ಭಾಷೆಯ ಗುಂಡಿ! ತುಳು, ಬ್ಯಾರಿ ಮಾತನಾಡುವ ನಮ್ಮ ನೆರೆಯವರ ಪಾಡು ನಮಗಿಂತಲೂ ಕಷ್ಟ ಎಂಬುದನ್ನೂ ಒಪ್ಪಿಕೊಳ್ಳೋಣ. ತುಳು ಲಿಪಿಗೆ ಯೂನಿಕೋಡಿನಲ್ಲಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಜಾಗ ಸಿಕ್ಕಿದ್ದೇ 2024ರಲ್ಲಿ.

ಇನ್ನೊಂದು ವಿಚಾರವನ್ನು ನಮ್ಮ ಹೆತ್ತವರು ತಿಳಿದಿರುವುದು ಒಳ್ಳೆಯದು. ಪ್ರಪಂಚದ ಎಲ್ಲ ತಂತ್ರಾಂಶಗಳಲ್ಲಿಯೂ ಭಾಷೆಯನ್ನು ಗುರುತಿಸಲು ಒಂದು ಸಂಕೇತವಿದೆ. ಕನ್ನಡಕ್ಕೆ 'ಕೆಎನ್', ಅದರ ಮುಂದೆ ದೇಶಕ್ಕೆ 'ಐಎನ್'. ಅಷ್ಟೇ. ಕನ್ನಡ, ಭಾರತ. ಅದರಲ್ಲಿ ಕರ್ನಾಟಕ ಎಂಬ ಮಾತಿಲ್ಲ, ರಾಜ್ಯಕ್ಕೆ ಅಲ್ಲಿ ಜಾಗ ಕೊಟ್ಟೇ ಇಲ್ಲ. ಹೊರದೇಶದ ತಂತ್ರಜ್ಞರು ಮಾಡಿದ ಕಟ್ಟಳೆಯ ಪ್ರಕಾರ ಪೆರ್ಲದ ಕನ್ನಡಿಗನೂ ಧಾರವಾಡದ ಕನ್ನಡಿಗನೂ ಒಂದೇ. ಬೇರೆ ಮಾಡಿದ್ದು ನಮ್ಮ ದೇಶದ ಪ್ರಧಾನ ಕಚೇರಿಗಳ ಪಟ್ಟಿಗಳು.

ಖರ್ಚಿನ ಮಾತು ಬರುತ್ತದೆ. ಬರಲಿ, ವ್ಯಾಪಾರವೆಂದ ಮೇಲೆ ಖರ್ಚಿನ ಮಾತೇ ಮೊದಲು. ಇಂಗ್ಲಿಷಿನ ಒಂದು ಮೊಬೈಲ್ ಸಂದೇಶದಲ್ಲಿ 160 ಅಕ್ಷರ ಹಿಡಿಸುತ್ತವೆ. ಯೂನಿಕೋಡಿನಲ್ಲಿ ಬರೆದರೆ 70 ಮಾತ್ರ. ಹಾಗಾಗಿ ಭಾರತೀಯ ಭಾಷೆಯ ಸಂದೇಶಕ್ಕೆ ಹೆಚ್ಚು ಖರ್ಚು ಬೀಳುವುದು ನಿಜ. ಆದರೆ ಆ 70ರ ಲೆಕ್ಕ ಮಲಯಾಳಕ್ಕೂ ಅಷ್ಟೇ, ಕನ್ನಡಕ್ಕೂ ಅಷ್ಟೇ. ಅನುವಾದದ ಖರ್ಚು ಹೇಗೂ ಆಗಿ ಮುಗಿದಿದೆ. 2011ರ ಜನಗಣತಿಯಂತೆ ದೇಶದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ, ಅವರಿಗೆಂದು ಒಮ್ಮೆ ಮಾಡಿಸಿದ ಅನುವಾದ ಕಂಪೆನಿಯ ಕಪಾಟಿನಲ್ಲಿಯೇ ಇದೆ. ಅದನ್ನು ನಮಗೂ ತೋರಿಸಲು ಹೊಸದಾಗಿ ಒಂದು ಅಕ್ಷರವನ್ನೂ ಬರೆಸಬೇಕಾಗಿಲ್ಲ. ಮುಚ್ಚಿದ ಕಿಟಕಿ ತೆರೆದರೆ ಸಾಕು.

ಕಾನೂನು ನಮ್ಮ ಜೊತೆಗಿಲ್ಲವೇ ಎಂದು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಒಬ್ಬರು ಕೇಳಿದರು. ಇದೆ, ಅರ್ಧ ದಾರಿಯವರೆಗೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯದ ಮಾತು ಸಂವಿಧಾನದ 350ಎ ವಿಧಿಯಲ್ಲಿದೆ. ಆದರೆ ಇವು ಸರಕಾರಿ ಕಚೇರಿ ಮತ್ತು ಶಾಲೆಯ ಮಾತು. ಮೊಬೈಲ್ ಕಂಪೆನಿಗೆ, ವಿಮಾ ಕಂಪೆನಿಗೆ, ಹಣ ಪಾವತಿಯ ಆ್ಯಪಿಗೆ ಇವು ಅನ್ವಯಿಸುವುದಿಲ್ಲ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಸೂಚನೆಗಳಲ್ಲಿ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರಾದೇಶಿಕ ಭಾಷೆ ಎಂಬ ಮೂರರ ಸೂತ್ರವಿದೆ. 'ಪ್ರದೇಶ' ಎಂಬುದನ್ನು ಬ್ಯಾಂಕಿನವರು 'ರಾಜ್ಯ' ಎಂದು ಓದುತ್ತಾರೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳನ್ನು ಒಂದು ಪ್ರದೇಶವೆಂದು ಓದಿದರೆ ಆಗುವ ನಷ್ಟವೇನು?

ಅದೇ ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಕೆವೈಸಿ ನಿಯಮಕ್ಕೆ ತಿದ್ದುಪಡಿ ತಂದಿತು. ಅವಧಿ ಮುಗಿಯುವ ಮೊದಲು ಗ್ರಾಹಕರಿಗೆ ಕನಿಷ್ಠ ಮೂರು ಸಲ ಮುನ್ಸೂಚನೆ ಕೊಡಬೇಕು, ಅದರಲ್ಲಿ ಒಂದಾದರೂ ಪತ್ರವಾಗಿರಬೇಕು ಎಂದು ಅದರಲ್ಲಿದೆ. ಒಳ್ಳೆಯ ನಿಯಮ. ಆದರೆ ಓದಲಾಗದ ಭಾಷೆಯಲ್ಲಿ ಮೂರು ಸಲ ಅಲ್ಲ, ಮೂವತ್ತು ಸಲ ಕಳುಹಿಸಿದರೂ ಅಜ್ಜಿಯ ಪಾಲಿಗೆ ಅದು ಕಳುಹಿಸಿದಂತಾಗುವುದಿಲ್ಲ. ಗಣಕಯಂತ್ರ ಮಾತ್ರ 'ತಲುಪಿದೆ' ಎಂದು ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪರದೆಯ ಮೇಲೆ ಏನಿದೆ ಎಂದು ತಿಳಿಯದವರು ಮೊಬೈಲನ್ನು ಇನ್ನೊಬ್ಬರ ಕೈಗೆ ಕೊಡಲೇಬೇಕಾಗುತ್ತದೆ. ನಮ್ಮ ಶಾಲೆಯ ಎಷ್ಟೋ ಮಕ್ಕಳು ಇಂದು ತಮ್ಮ ಮನೆಯ ಬ್ಯಾಂಕ್ ಗುಮಾಸ್ತರು. ಅಜ್ಜನ ಎಟಿಎಂ ಗುಪ್ತಸಂಖ್ಯೆ, ಅಮ್ಮನ ಮೊಬೈಲಿಗೆ ಬರುವ ಓಟಿಪಿ, ಚಿಕ್ಕಪ್ಪನ ಯುಪಿಐ ಪಿನ್ನು ಎಲ್ಲವೂ ಅವರಿಗೆ ಕಂಠಪಾಠ. (ಮಗ್ಗಿ ಮಾತ್ರ ನೆನಪಿರುವುದಿಲ್ಲ, ಅದು ಬೇರೆ ವಿಷಯ.) ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ದಿನಾ ಎಚ್ಚರಿಸುತ್ತಾರೆ. ಆ ಎಚ್ಚರಿಕೆಯನ್ನು ಓದಿ ತಿಳಿದುಕೊಳ್ಳಲು ಗುಪ್ತಸಂಖ್ಯೆ ಗೊತ್ತಿರುವ ಮೊಮ್ಮಗನನ್ನೇ ಕರೆಯಬೇಕು! 2016ರಲ್ಲಿ ಆರಂಭವಾದ ಯುಪಿಐಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಎರಡು ಸಾವಿರ ಕೋಟಿಗೂ ಹೆಚ್ಚು ವಹಿವಾಟುಗಳಾದವು. ಅಷ್ಟು ದೊಡ್ಡ ಸಂತೆಯಲ್ಲಿ ಕಳ್ಳರೂ ಇರುತ್ತಾರೆ. ಕಳ್ಳರು ಭಾಷೆಯ ವಿಷಯದಲ್ಲಿ ಬ್ಯಾಂಕಿಗಿಂತ ಮುಂದಿದ್ದಾರೆ; ಕರೆ ಮಾಡಿ ಅಚ್ಚ ಕನ್ನಡದಲ್ಲಿ ಮಾತನಾಡುತ್ತಾರೆ. ಅಜ್ಜಿಗೆ ಅರ್ಥವಾಗುವ ಭಾಷೆಯಲ್ಲಿ ಬಂದ ಮೊದಲ 'ಬ್ಯಾಂಕ್ ಕರೆ' ಮೋಸಗಾರನದ್ದಾದರೆ ನಂಬದೆ ಇನ್ನೇನು ಮಾಡಿಯಾರು? (ಮೋಸಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದನ್ನು ಎಲ್ಲ ಮನೆಯವರೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.)

ಇಷ್ಟು ಹೇಳಿ ಎಲ್ಲ ತಪ್ಪನ್ನೂ ಕಂಪೆನಿಗಳ ತಲೆಗೆ ಕಟ್ಟಿದರೆ ಅದು ನ್ಯಾಯವಲ್ಲ. ನಮ್ಮ ಪಾಲಿನ ತಪ್ಪೂ ಇದೆ, ಅದು ಸಣ್ಣದಲ್ಲ.

ಕಳೆದ ವರ್ಷ ನಮ್ಮ ಶಾಲೆಯಲ್ಲಿ ಒಂದು ಪ್ರಯೋಗ ಮಾಡಿದೆವು. ಕೇರಳದ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಕಲಿಕೆ ಚೆನ್ನಾಗಿದೆ ಎಂಬುದು ಎಲ್ಲರೂ ಬಲ್ಲ ಸಂಗತಿ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ, 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪೆನಿಯಾದ ಸಂಸ್ಥೆಯ ಕೆಲಸ ಅದು. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲಿಯೇ ಸಿಗುತ್ತದೆ. ಇದಕ್ಕೆ ನಾವು ಋಣಿಗಳು. ಹಾಗಿದ್ದ ಮೇಲೆ ಪುಸ್ತಕದಲ್ಲಿರುವುದನ್ನು ಮನೆಗೆ ಒಯ್ಯೋಣ ಎಂದು, ಒಂದು ವಾರ ಮನೆಯ ಮೊಬೈಲನ್ನು ಕನ್ನಡಕ್ಕೆ ಬದಲಾಯಿಸಿ ಬಳಸಿ ಬನ್ನಿ ಎಂದು ದೊಡ್ಡ ತರಗತಿಯ ಮಕ್ಕಳಿಗೆ ಹೇಳಿದೆವು. ಮೂರನೇ ದಿನಕ್ಕೆ ಮುಕ್ಕಾಲು ಪಾಲು ಮಕ್ಕಳು ಇಂಗ್ಲಿಷಿಗೆ ಮರಳಿದ್ದರು. ಮನೆಯವರೇ ಬೈದರಂತೆ: "ಮೊಬೈಲ್ ಹಾಳು ಮಾಡಿದ್ದೀಯಾ ಎಂತ?"

ಕೆಲವು ದೂರುಗಳಲ್ಲಿ ಸತ್ಯವೂ ಇತ್ತು. ಅನುವಾದ ಮಾಡಿದವರು ಒಂದು ಆ್ಯಪಿನಲ್ಲಿ ಖಾತೆಯಲ್ಲಿರುವ ಮೊತ್ತಕ್ಕೆ 'ಬಾಕಿ' ಎಂದು ಬರೆದಿದ್ದಾರೆ. ಒಬ್ಬ ಹುಡುಗಿ ತನ್ನ ದೊಡ್ಡಮ್ಮನಿಗೆ "ಬಾಕಿ 4,200 ರೂಪಾಯಿ" ಎಂದು ಓದಿ ಹೇಳಿದಳಂತೆ. ನಮ್ಮೂರ ಅಂಗಡಿಯ ಭಾಷೆಯಲ್ಲಿ ಬಾಕಿ ಎಂದರೆ ಕೊಡಲಿಕ್ಕಿರುವುದು. ದೊಡ್ಡಮ್ಮ, "ಅಯ್ಯೋ, ನಾನು ಸಾಲ ತೆಗೆದೇ ಇಲ್ಲವಲ್ಲ!" ಎಂದು ಎದೆ ಹಿಡಿದುಕೊಂಡು ಕುಳಿತರು. 'ಉಳಿಕೆ' ಎಂದೋ 'ಜಮೆ ಇರುವುದು' ಎಂದೋ ಬರೆದಿದ್ದರೆ ಮುಗಿಯುತ್ತಿತ್ತು. ಜಮಾ, ಖರ್ಚು, ಅಸಲು, ಬಡ್ಡಿ, ಕಂತು, ಮುಂಗಡ ಹೀಗೆ ವ್ಯಾಪಾರದ ಕನ್ನಡ ನಮ್ಮ ಅಂಗಡಿಗಳಲ್ಲಿ ಹಿಂದಿನಿಂದ ಬಳಕೆಯಲ್ಲಿದೆ. ನಿಘಂಟು ನೋಡಿ ಅನುವಾದಿಸುವ ಬದಲು ಒಂದು ದಿನ ಅಡಿಕೆ ಮಂಡಿಯಲ್ಲಿ ಕುಳಿತು ಬಂದಿದ್ದರೆ ಅವರ ಕೆಲಸ ಸುಲಭವಾಗುತ್ತಿತ್ತು.

ಅದಿರಲಿ. ಮಕ್ಕಳು ಇಂಗ್ಲಿಷಿಗೆ ಮರಳಿದ್ದರಲ್ಲಿ ನಮಗೆ ಕಂಡ ನಿಜವಾದ ತೊಂದರೆ ಬೇರೆ. ಇಂದಿನ ವ್ಯಾಪಾರದಲ್ಲಿ ತೀರ್ಮಾನಗಳನ್ನು ಅಂಕಿಅಂಶ ನೋಡಿ ಮಾಡುತ್ತಾರೆ. ಎಷ್ಟು ಜನ ಯಾವ ಗುಂಡಿ ಒತ್ತಿದರು, ಯಾವ ಭಾಷೆ ಆರಿಸಿದರು ಎಂಬುದೆಲ್ಲ ಕಂಪೆನಿಯಲ್ಲಿ ದಾಖಲಾಗುತ್ತದೆ. ಕನ್ನಡ ಇರುವ ಕಡೆಯೂ ನಾವು ಇಂಗ್ಲಿಷ್ ಒತ್ತುತ್ತೇವೆ. ಬೇಗ ಆಗುತ್ತದೆ ಎಂದೋ, ಅಭ್ಯಾಸವೆಂದೋ, ಹಿಂದೆ ನಿಂತವರು ನೋಡಿದರೆ ನಾಚಿಕೆಯೆಂದೋ. ಆ ಕಡೆ ಕುಳಿತ ಅಧಿಕಾರಿಗೆ ಕಾಣುವುದು ಒಂದೇ: ಕಾಸರಗೋಡಿನಲ್ಲಿ ಕನ್ನಡ ಕೇಳುವವರಿಲ್ಲ. ನಾವು ಸಮ್ಮೇಳನಗಳಲ್ಲಿ ಮಾಡುವ ಭಾಷಣ ಅವರ ಪರದೆಯಲ್ಲಿ ಕಾಣುವುದಿಲ್ಲ, ಒತ್ತಿದ ಗುಂಡಿ ಕಾಣುತ್ತದೆ. ಭಾಷಾಭಿಮಾನದ ಬಗ್ಗೆ ಗಂಟಲು ಹರಿಯುವಂತೆ ಮಾತನಾಡಿ, ಇಳಿದು ಬಂದು ಎಟಿಎಂನಲ್ಲಿ ಇಂಗ್ಲಿಷ್ ಒತ್ತಿದವರನ್ನು ನಾವು ಕಂಡಿದ್ದೇವೆ. ಕೆಲವೊಮ್ಮೆ ಅವರು ನಾವೇ ಆಗಿದ್ದೆವು.

ಮೇಲೆ ಹೇಳಿದ ಜೀನಸಿನ ಅಂಗಡಿಯದ್ದೇ ಉದಾಹರಣೆ. ಹಣ ಬಂದಾಗ ಕೂಗಿ ಹೇಳುವ ಪೆಟ್ಟಿಗೆ ಅಲ್ಲಿ ಇಂಗ್ಲಿಷಿನಲ್ಲಿ ಕೂಗುತ್ತಿತ್ತು. ಕನ್ನಡಕ್ಕೆ ಬದಲಾಯಿಸಲು ಆಗುವುದಿಲ್ಲವೇ ಎಂದು ಕೇಳಿದರೆ, "ಗೊತ್ತಿಲ್ಲ ಮಾಷ್ಟ್ರೇ, ನೋಡಿಯೇ ಇಲ್ಲ" ಎಂದ. ಅಲ್ಲಿಯೇ ನಿಂತು ಅವನ ಮೊಬೈಲಿನಲ್ಲಿ ಹುಡುಕಿದೆವು. ಕನ್ನಡ ಇತ್ತು! ಎರಡು ನಿಮಿಷದ ಕೆಲಸ. ಈಗ ಅದು ಕನ್ನಡದಲ್ಲಿ ಕೂಗುತ್ತದೆ. ಅವನ ಅಂಗಡಿಗೆ ಬರುವ ಮಲಯಾಳಿ, ಬ್ಯಾರಿ ಗಿರಾಕಿಗಳು ಯಾರೂ ಮುನಿಸಿಕೊಂಡಿಲ್ಲ.

ಈ ಲೇಖನವನ್ನು ಮಲಯಾಳದ ವಿರುದ್ಧ ಎಂದು ಯಾರಾದರೂ ಓದಿದರೆ ನಮಗೆ ಬೇಸರವಾಗುತ್ತದೆ. ನಮ್ಮ ಮಕ್ಕಳು ಮಲಯಾಳ ಕಲಿಯಬೇಕು, ಚೆನ್ನಾಗಿ ಕಲಿಯಬೇಕು. ಈ ರಾಜ್ಯದಲ್ಲಿ ಕೆಲಸ ಹುಡುಕುವವರಿಗೆ ಅದು ಅನ್ನದ ಭಾಷೆ. ಕನ್ನಡ ಬರಬೇಕಾದರೆ ಮಲಯಾಳ ಹೋಗಬೇಕೆಂದಿಲ್ಲ. ಮೂರು ಹೆಸರುಗಳ ಕೆಳಗೆ ನಾಲ್ಕನೆಯದನ್ನು ಸೇರಿಸಿದರೆ ಪರದೆ ಕುಸಿದು ಬೀಳುವುದಿಲ್ಲ. ಇದು ಕಾಸರಗೋಡಿನ ಮಾತು ಮಾತ್ರವೂ ಅಲ್ಲ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಸಹೋದ್ಯೋಗಿಗಳಿಗೆ ಮರಾಠಿಯ ಪಟ್ಟಿ, ತಾಳವಾಡಿಯವರಿಗೆ ತಮಿಳಿನ ಪಟ್ಟಿ, ಮಡಕಶಿರಾದವರಿಗೆ ತೆಲುಗಿನ ಪಟ್ಟಿ. ಕರ್ನಾಟಕದೊಳಗೆ ಬೇರೆ ಭಾಷೆಯ ಅಲ್ಪಸಂಖ್ಯಾತರಿಗೂ ಇದೇ ತೊಂದರೆ ಇರಬಹುದು; ನಮಗೆ ಬೇಕೆನ್ನುವುದು ಅವರಿಗೂ ಸಿಗಲಿ.

ಶಾಲೆಯ ಅಧ್ಯಾಪಕರಿಗೆ ಈ ಉಸಾಬರಿ ಏಕೆ ಎನ್ನುವವರಿಗೆ ಒಂದೇ ಉತ್ತರ. ಪ್ರತಿ ಮೇ ತಿಂಗಳು ಮನೆಮನೆಗೆ ಹೋಗಿ ಮಕ್ಕಳನ್ನು ಕನ್ನಡ ಶಾಲೆಗೆ ಸೇರಿಸಿ ಎಂದು ಕೇಳುವವರು ನಾವೇ. ಆಗ ಹೆತ್ತವರು ಕೇಳುವ ಪ್ರಶ್ನೆ, "ಕನ್ನಡ ಕಲಿತರೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಮಾಷ್ಟ್ರೇ?" ಸಾಹಿತ್ಯ, ಸಂಸ್ಕೃತಿ, ಯಕ್ಷಗಾನ ಎಂದು ಹೇಳುತ್ತೇವೆ. ಅವರು ತಲೆಯಾಡಿಸಿ ಪಕ್ಕದ ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸುತ್ತಾರೆ. ತಪ್ಪು ಅವರದ್ದಲ್ಲ. ಬಿಲ್ಲಿನಲ್ಲಿ, ಪಾಸು ಪುಸ್ತಕದಲ್ಲಿ, ವಿಮೆಯ ಕಾಗದದಲ್ಲಿ, ಗೊಬ್ಬರದ ಚೀಟಿಯಲ್ಲಿ ಕನ್ನಡ ಕಾಣದ ಊರಿನಲ್ಲಿ ಕನ್ನಡ ಶಾಲೆಯ ಉಪಯೋಗವನ್ನು ಮಾತಿನಲ್ಲಿ ನಂಬಿಸುವುದು ಕಷ್ಟ. ಈ ವರ್ಷ ನಮ್ಮ ಒಂದನೇ ತರಗತಿಗೆ ಸೇರಿದ ಮಕ್ಕಳು ಹನ್ನೊಂದು. ಎರಡು ವರ್ಷದ ಹಿಂದೆ ಹತ್ತೊಂಬತ್ತು ಇದ್ದರು.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ಖಾತೆ ತೆರೆಯುವ ಅರ್ಜಿಯಲ್ಲಿ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಕೇಳುವಂತೆ 'ನಿಮಗೆ ಯಾವ ಭಾಷೆಯಲ್ಲಿ ತಿಳಿಸಬೇಕು?' ಎಂದೂ ಒಂದು ಸಾಲು ಕೇಳಲಿ. ಆ ಉತ್ತರ ಗಿರಾಕಿಯ ಹೆಸರಿನ ಜೊತೆಗಿರಲಿ, ಶಾಖೆಯ ವಿಳಾಸದ ಜೊತೆಗಲ್ಲ. ಪಿಗ್ಮಿ ಏಜಂಟರ ತಲೆಯೊಳಗಿದ್ದ ಆ ಒಂದು ಮಾಹಿತಿಯನ್ನು ಇಷ್ಟು ಕೋಟಿ ಖರ್ಚು ಮಾಡಿ ಕಟ್ಟಿದ ಗಣಕಯಂತ್ರದೊಳಗೆ ಇಡಲು ಜಾಗವಿಲ್ಲ ಎಂದರೆ ನಾವು ನಂಬುವುದಿಲ್ಲ.

ಅಜ್ಜಿಯ ಖಾತೆ ಹನ್ನೆರಡು ದಿನಗಳ ನಂತರ ಸರಿಯಾಯಿತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಬಿಸಿಲು ಕಂಡ ಒಂದೂವರೆ ದಿನದಲ್ಲಿ ಅರ್ಧ ತೋಟಕ್ಕೆ ಮದ್ದು ಬಿಟ್ಟರು. ಕೆಳಗಿನ ಬದಿಯ ಮರಗಳಲ್ಲಿ ಕಾಯಿ ಉದುರಲು ಆರಂಭವಾಗಿದೆ ಎಂದು ಪುಳ್ಳಿ ಮೊನ್ನೆ ತರಗತಿಯಲ್ಲಿ ಹೇಳಿದ.

ರಕ್ಷಕ ಶಿಕ್ಷಕ ಸಂಘದ ವತಿಯಿಂದ ಒಂದು ಅರ್ಜಿಯ ನಮೂನೆ ಮಾಡಿದ್ದೇವೆ. ನನ್ನ ಖಾತೆಯ ಸಂದೇಶ ಮತ್ತು ಪತ್ರಗಳನ್ನು ಕನ್ನಡದಲ್ಲಿ ಕಳುಹಿಸಿರಿ ಎಂದು ಶಾಖೆಗೆ ಕೊಡುವಂಥದ್ದು, ಒಂದೇ ಪುಟ. ಎರಡು ಪ್ರತಿ ಬರೆದು, ಒಂದಕ್ಕೆ ಶಾಖೆಯ ಮೊಹರು ಮತ್ತು ತಾರೀಕು ಹಾಕಿಸಿಕೊಂಡು ಬನ್ನಿ. ಮೊಹರು ಬಿದ್ದರೆ ಅದೂ ಅವರ ದಾಖಲೆಗೆ ಸೇರುತ್ತದೆ. ಇದುವರೆಗೆ ನಲವತ್ತಮೂರು ಮನೆಯವರು ಕೊಟ್ಟಿದ್ದಾರೆ. ನಮೂನೆಯ ಪ್ರತಿಗಳು ಶಾಲೆಯ ಕಚೇರಿಯಲ್ಲಿವೆ. ಸಂಜೆ ನಾಲ್ಕರ ನಂತರ ಬಂದರೆ ತುಂಬಲು ನಾವೂ ಜೊತೆಗಿರುತ್ತೇವೆ.